ಬೇಲಿಯೇ ಹೊಲವನ್ನು ಮೇಯ್ದಿತೆ?

ತರಕಾರಿ ಹೆಚ್ಚುವಾಗ ಈಳಿಗೆಮಣೆ ತಗುಲಿ ಬೆರಳಿನ ನರವೊಂದು ತುಂಡಾದರೆ ಬೆರಳ ತುದಿ ಜೋಮುಗಟ್ಟುತ್ತದೆ. ಶಸ್ತ್ರವೈದ್ಯರು ಆ ನರದ ತುದಿಗಳನ್ನು ಕೂಡಿಸಿ ಹೊಲಿದರೆ ಕೆಲವು ತಿಂಗಳುಗಳಲ್ಲಿ ಸ್ಪರ್ಶಜ್ಞಾನವು ತಕ್ಕಮಟ್ಟಿಗೆ ಹಿಂತಿರುಗುವುದುಂಟು. ನರತಂತುವು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಚಿಗುರುತ್ತದೆ. ಆದರೆ ಮರದಿಂದ ಬಿದ್ದೋ, ವಾಹನದ ಅಪಘಾತದಲ್ಲೋ ಬೆನ್ನುಹುರಿ ಜಜ್ಜಿಹೋದವರಿಗೆ ಈ ಭಾಗ್ಯವಿಲ್ಲ. ಒಂದೇ ದೇಹದ ನರಗಳಲ್ಲಿ ಏಕೆ ಈ ಪಂಕ್ತಿಭೇದ?

ಮಿದುಳು, ಬೆನ್ನುಹುರಿಗಳ ನರಗಳಿಗೆ ಬೆಳೆಯುವ ಶಕ್ತಿಯೇ ಇಲ್ಲವೆಂದು ಬಹುಕಾಲ ನಂಬಲಾಗಿತ್ತು. 1981ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗುವಾಯೊ ಅವರು ಇಲಿಯ ಕಾಲಿನ ನರದ ತುಂಡೊಂದನ್ನು ಮಿದುಳಿನ ಬುಡದಿಂದ ಬೆನ್ನುಹುರಿಗೆ ಸೇತುವೆಯಂತೆ ಜೋಡಿಸಿದರು. ಬೆಳೆಯಲಾರವೆಂದಿದ್ದ ತಂತುಗಳು ಆ ಸೇತುವೆಯೊಳಗೆ ಸುಮಾರು 3 ಸೆಂಟಿಮೀಟರ್ ಹಬ್ಬಿದವು! ಬೆನ್ನುಹುರಿಯನ್ನು ಹೊಕ್ಕೊಡನೆ ಮಾತ್ರ ಅಲ್ಲಿಯೇ ನಿಂತುಬಿಟ್ಟವು. ಬೀಜದಲ್ಲಿ ಸತ್ತ್ವವಿದೆ, ತೊಡಕು ನೆಲದಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ನೆಲವನ್ನು ಹದಗೊಳಿಸುವವರು ಯಾರು? ನರಕೋಶಗಳ ಮಗ್ಗುಲಲ್ಲೇ ಇರುವ 'ಗ್ಲಿಯಾ' ಎಂಬ ಪರಿಚಾರಕ ಕೋಶಗಳು. 1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ಇವನ್ನು ಬರಿಯ ಅಂಟೆಂದು ಭಾವಿಸಿ ಆ ಅರ್ಥದ ಹೆಸರನ್ನೇ ಇಟ್ಟನು. ಇವುಗಳಲ್ಲಿ ನಕ್ಷತ್ರಾಕಾರದ 'ಆಸ್ಟ್ರೋಸೈಟ್'ಗಳು ನರಕೋಶಗಳನ್ನು ಪೋಷಿಸುವುದಲ್ಲದೆ, ಕೋಶಗಳ ನಡುವಣ ತೆರಪಿನಲ್ಲಿ ಪ್ರೋಟೀನು ಮತ್ತು ಸಕ್ಕರೆಯ ಸರಪಳಿಗಳಿಂದಾದ ಜಾಲವೊಂದನ್ನು ಹೆಣೆಯುವುದರಲ್ಲಿಯೂ ಪಾಲುಗೊಳ್ಳುತ್ತವೆ. ಈ ತೆರಪು ಮಿದುಳಿನ ಗಾತ್ರದ ಸುಮಾರು ಐದನೆಯ ಒಂದು ಪಾಲು! ಭ್ರೂಣಾವಸ್ಥೆಯಲ್ಲಿ ಈ ಜಾಲವು ಬಳ್ಳಿಗೆ ಚಪ್ಪರವಿದ್ದಂತೆ ಎಳೆಯ ತಂತುಗಳಿಗೆ ದಾರಿ ತೋರುತ್ತದೆ. ಬಾಲ್ಯ ಕಳೆದ ಮೇಲೆ ಬಿಗಿದುಕೊಂಡು, ಬೆಸೆದ ಸಂಬಂಧಗಳನ್ನು ಕದಲದಂತೆ ಕಾಯುತ್ತದೆ.

ಬೆನ್ನುಹುರಿಗೆ ಪೆಟ್ಟು ಬಿದ್ದೊಡನೆ ಆಸ್ಟ್ರೋಸೈಟುಗಳು ಗಾಯದ ಸುತ್ತ ಒತ್ತಾಗಿ ನೆರೆದು ಬೇಲಿ ಕಟ್ಟುತ್ತವೆ. ಉರಿಯೂತವು ನೆರೆಯ ಆರೋಗ್ಯವಂತ ಭಾಗಕ್ಕೆ ಹಬ್ಬದಂತೆ ತಡೆಯುವುದೇ ಅದರ ಉದ್ದೇಶ. ಆದರೆ ಅಲ್ಲಿ ಶೇಖರವಾಗುವ ಕಾಂಡ್ರಾಯ್ಟಿನ್ ಸಲ್ಫೇಟ್ ಎಂಬ ವಸ್ತುವನ್ನು ಸೋಕಿದ ನರತಂತು ಮುಂದಡಿಯಿಡದು. 2002ರಲ್ಲಿ ಲಂಡನ್ನಿನ ವಿಜ್ಞಾನಿಗಳು ಬ್ಯಾಕ್ಟೀರಿಯಾದಿಂದ ಪಡೆದ ಕಿಣ್ವವೊಂದರಿಂದ ಆ ಸರಪಳಿಗಳನ್ನು ಕತ್ತರಿಸಿದಾಗ, ಪೆಟ್ಟು ತಿಂದ ಇಲಿಗಳ ನಡಿಗೆ ಸ್ವಲ್ಪಮಟ್ಟಿಗೆ ಸುಧಾರಿಸಿತು. ಕಾಯಬೇಕಾದ ಬೇಲಿಯೇ ಹೊಲವನ್ನು ಮೇಯ್ದಿತೆಂದು ಅನೇಕರು ತೀರ್ಮಾನಿಸಿದರು.

ಆ ತೀರ್ಪು ಅವಸರದ್ದಾಗಿತ್ತು. 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸುಂಡಿಲಿಗಳಲ್ಲಿ ಬೇಲಿಯೇ ಏಳದಂತೆ ಮಾಡಿ ನೋಡಿದರು, ತಂತುಗಳು ಬೆಳೆಯಲಿಲ್ಲ. ಬೇಲಿಯನ್ನು ಉಳಿಸಿಕೊಂಡು, ಬೆಳವಣಿಗೆಯನ್ನು ಪ್ರಚೋದಿಸುವ ಪೋಷಕ ವಸ್ತುಗಳನ್ನು ಒದಗಿಸಿದಾಗ ತಂತುಗಳು ಅದರೊಳಗಿಂದಲೇ ನುಸುಳಿ ಮುಂದೆ ಸಾಗಿದವು. ಹಾಗಾದರೆ ಬೇಕಾದದ್ದು ಬೇಲಿಯನ್ನು ಕೀಳುವ ಕೊಡಲಿಯಲ್ಲ. ಅದರಲ್ಲಿ ದಿಡ್ಡಿ ಬಾಗಿಲೊಂದನ್ನು ತೆರೆಯುವ ಬೀಗದ ಕೈ.

ಆ ಕೈ ಇನ್ನೂ ಪ್ರಯೋಗದ ಹಂತದಲ್ಲಿಯೇ ಇದೆ. ಮಗನೋ ಗಂಡನೋ ನಡುವಿನಿಂದ ಕೆಳಗೆ ಸ್ವಾಧೀನ ತಪ್ಪಿ ಮಲಗಿರುವ ಮನೆಯವರಿಗೆ, ನರವನ್ನು ಮತ್ತೆ ಚಿಗುರಿಸುವ ಔಷಧ ತಮ್ಮಲ್ಲಿದೆಯೆಂದು ಯಾರಾದರೂ ಆಸೆ ಹುಟ್ಟಿಸಿದರೆ, ಒಡವೆಯನ್ನು ಒತ್ತೆಯಿಡುವ ಮುನ್ನ ನುರಿತ ನರವೈದ್ಯರನ್ನು ಕೇಳುವುದು ಲೇಸು. ಹಾಸಿಗೆಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಮೂತ್ರಕೋಶದ ಆರೈಕೆ, ಅಂಗಸಾಧನೆ ಇವು ಇಂದಿಗೂ ಜೀವ ಉಳಿಸುವ ಚಿಕಿತ್ಸೆಗಳು. ರೋಗಿಯ ಬಳಿಯಿದ್ದು ಇವನ್ನು ನಿತ್ಯ ನಡೆಸುವವರೂ ಒಂದು ಬಗೆಯ ಪರಿಚಾರಕ ಕೋಶಗಳೇ. ಅವರ ದುಡಿಮೆಯನ್ನು ಬರಿಯ ಅಂಟೆಂದು ಎಣಿಸಲಾಗದು.