ವೈದ್ಯವೃತ್ತಿಗೆ ಹೊರಟವರಿಗೆ ಕನ್ನಡ ಬೇಡವೇ?

ಪ್ರವೇಶದ ತಿಂಗಳು ಬಂದಿತೆಂದರೆ ನಮ್ಮ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಪಾಲಕರ ಸಂತೆ ನೆರೆಯುತ್ತದೆ. ಈ ವರುಷವೂ ನೆರೆದಿತ್ತು. ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳೊಬ್ಬರು ಮಗನನ್ನು ಕರೆದುಕೊಂಡು ಬಂದು ನನ್ನ ಮೇಜಿನ ಮುಂದೆ ಕುಳಿತರು. ಹುಡುಗನಿಗೆ ನೀಟ್ ಪರೀಕ್ಷೆಯಲ್ಲಿ ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಹೆಸರಿಗೆ ಬಿ.ಎಸ್ಸಿ. ಸೇರುವುದು, ಮನೆಯಲ್ಲಿ ಕುಳಿತು ಮತ್ತೊಮ್ಮೆ ಅದೇ ಪರೀಕ್ಷೆಗೆ ಓದುವುದು ಎಂದು ಮನೆಯವರೆಲ್ಲ ಸೇರಿ ಗೊತ್ತುಮಾಡಿದ್ದರು. ತಂದೆ ವಿನಯದಿಂದಲೇ ಕೇಳಿದರು:

"ಸರ, ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರದ ತಾಸಿಗೆ ಹುಡುಗ ಬರ್ತಾನ್ರಿ. ಕನ್ನಡದ ತಾಸು ಒಂದ ನೀವು ಬಿಟ್ಟುಕೊಡಬೇಕು. ಮುಂದ ಡಾಕ್ಟರ್ ಆಗಾಂವಗ ಕನ್ನಡ ತೊಗೊಂಡು ಏನ್ ಮಾಡೋದೈತ್ರಿ?"

ಅವರಿಗೆ ಕೊಟ್ಟ ಉತ್ತರವನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು, ಇದೇ ಪ್ರಶ್ನೆಗೆ ಕೆಲವು ವರುಷಗಳ ಹಿಂದೆ ನಾನು ಕೊಟ್ಟ ತಪ್ಪು ಉತ್ತರವನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಆಗಲೂ ಇಂಥವನೇ ಒಬ್ಬ ಹುಡುಗ. ಐದನೆಯ ಇಯತ್ತೆಯಿಂದ ಪರಸ್ಥಳದ ವಸತಿ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದಿದವನು, ಜಾಣ. ಅವನ ತಂದೆ ಕೇಳಿದರು, ನಾನು ಒಪ್ಪಿದೆ. ವರುಷವಿಡೀ ಅವನು ನನ್ನ ತರಗತಿಯ ಹೊಸ್ತಿಲು ತುಳಿಯಲಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಎರಡನೆಯ ಸಲವೂ ಸೀಟು ಸಿಗದೆ ಹೋದಾಗ ಅವನು ಕ್ಷ-ಕಿರಣ ತಂತ್ರಜ್ಞನ ಶಿಕ್ಷಣಕ್ಕೆ ಸೇರಿದ, ಮುಗಿಸಿದ, ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತ. ಮುಂದೊಂದು ದಿನ ಮನೆಗೆ ಬಂದು ಅವನೇ ಹೇಳಿದ ಸಂಗತಿಯಿದು.

ಬ್ಯಾಡಗಿ ಕಡೆಯ ಹಳ್ಳಿಯ ತರುಣಿಯೊಬ್ಬಳನ್ನು ಹೊಟ್ಟೆನೋವೆಂದು ಅವನ ಕೋಣೆಗೆ ಕಳಿಸಿದ್ದರು. ಹೆಂಗಸರ ಹೊಟ್ಟೆಯ ಚಿತ್ರ ತೆಗೆಯುವ ಮೊದಲು ಬಸಿರಿದ್ದಾರೆಯೇ ಎಂದು ಕೇಳಿ ತಿಳಿಯಬೇಕು. ಕಿರಣವು ಭ್ರೂಣಕ್ಕೆ ಕೇಡು ಮಾಡಬಲ್ಲದು. ಇದು ಆ ವೃತ್ತಿಯ ಮೊದಲ ಪಾಠ. ಹುಡುಗ ಪಾಠ ಮರೆತಿರಲಿಲ್ಲ. "ಪೀರಿಯಡ್ಸ್ ರೆಗ್ಯುಲರ್ ಅದಾವೇನ್ರಿ?" ಎಂದು ಕೇಳಿದ. ಆಕೆಗೆ ಪ್ರಶ್ನೆ ತಿಳಿಯಲಿಲ್ಲ. ಆದರೆ ಹೇಳಬೇಕಾದುದನ್ನು ತಾನಾಗಿಯೇ ಹೇಳಿದಳು: "ಎರಡು ತಿಂಗಳಾತ್ರಿ, ಹೊರಗಾಗಿಲ್ಲ." ಹುಡುಗನಿಗೆ ಗೊತ್ತಿದ್ದ ಮಾತು 'ಹೊರಕಡೆಗೆ ಹೋಗುವುದು' ಎಂಬುದೊಂದೇ. ಹೊಟ್ಟೆ ಸಾಫಾಗುತ್ತಿಲ್ಲವೆಂಬ ದೂರು ಇರಬೇಕೆಂದು ತಿಳಿದು, "ಅದನ್ನ ಡಾಕ್ಟರ್ ಮುಂದ ಹೇಳ್ರಿ" ಎಂದು ಆಕೆಯನ್ನು ಮೇಜಿನ ಮೇಲೆ ಮಲಗಿಸಿದ. ನೆಲ ಒರೆಸುತ್ತಿದ್ದ ಆಯಾ ಗದರಿಕೊಂಡಳು: "ಏ ತಮ್ಮಾ, ನಿಂದ್ರು! ಮುಟ್ಟು ನಿಂತೈತಿ ಅನ್ನಾಕತ್ತಾಳ ಆಕಿ. ಬಸಿರಿದ್ದಾಳು, ನೋಡು ಮದಲ!" ನೋಡಿದರು. ಆಯಾನ ಮಾತೇ ನಿಜವಾಯಿತು.

"ಸರ, ಆಕಿ ಕನ್ನಡದಾಗ ಹೇಳಿದ್ಲು, ನನಗ ತಿಳೀಲಿಲ್ಲ" ಎಂದು ಹುಡುಗ ತಲೆ ತಗ್ಗಿಸಿ ಕುಳಿತ. ಅವನಿಗಿಂತ ಹೆಚ್ಚು ತಗ್ಗಿದ್ದು ನನ್ನ ತಲೆ. ಅವನಿಗೆ ಕನ್ನಡದ ತಾಸನ್ನು ಬಿಟ್ಟುಕೊಟ್ಟ ಸಹಿ ನನ್ನದು.

ಇದೊಂದೇ ಮಾತಿನ ಪ್ರಶ್ನೆಯಲ್ಲ. ನಮ್ಮ ಸೀಮೆಯ ರೈತ ಹತ್ತಿಗೆ, ಗೋವಿನಜೋಳಕ್ಕೆ ಔಷಧ ಸಿಂಪಡಿಸಿ ಬಂದರೆ "ಎಣ್ಣಿ ಹೊಡದೇನ್ರಿ" ಎನ್ನುತ್ತಾನೆ. ಪಟ್ಟಣದಲ್ಲಿ 'ಎಣ್ಣೆ' ಎಂದರೆ ಹೆಂಡ. ವಿಷದ ಗಾಳಿ ಕುಡಿದು ತಲೆ ತಿರುಗಿ ಬಂದವನನ್ನು ಕುಡುಕನೆಂದು ಬೆಂಚಿನ ಮೇಲೆ ಕೂಡಿಸಿಬಿಟ್ಟರೆ ಕಳೆದುಹೋಗುವುದು ಜೀವ ಉಳಿಸುವ ಹೊತ್ತು. "ಸಂಕಟ ಆಗತೈತ್ರಿ" ಎಂದರೆ ನಮ್ಮಲ್ಲಿ ದುಃಖವಲ್ಲ, ವಾಕರಿಕೆಯ ತಳಮಳ. "ಕಣ್ಣಿಗೆ ಕತ್ತಲಿ ಬಂತು" ಎಂದವಳಿಗೆ ಕಣ್ಣಿನ ಬೇನೆಯಿಲ್ಲ. "ಎದಿ ಉರಿತೈತಿ" ಎಂಬುದು ಬೇರೆ, "ಎದಿ ಹಿಂಡತೈತಿ" ಎಂಬುದು ಬೇರೆ. ಮೊದಲನೆಯದು ಹಲವು ಸಲ ಹೊಟ್ಟೆಯ ಹುಳಿಯಾಗಿ ಮುಗಿಯಬಹುದು, ಎರಡನೆಯದನ್ನು ಕೇಳಿದವನು ಹೃದಯವನ್ನು ನೆನೆಯಲೇಬೇಕು. ಬ್ಯಾಡಗಿಯ ಪೇಟೆಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸು ತನ್ನ ಕೆಮ್ಮನ್ನು ಹೇಳುವಾಗ 'ಘಾಟು' ಎನ್ನುತ್ತಾಳೆ. ಆ ಒಂದು ಮಾತಿನಲ್ಲಿ ಅವಳ ಉದ್ಯೋಗವಿದೆ, ಬೇನೆಯ ಕಾರಣವಿದೆ. ಕೇಳುವ ಕಿವಿ ಇರಬೇಕು, ಅಷ್ಟೇ.

ಈಗ ನಮ್ಮ ಪಾಲಕರು ಮಕ್ಕಳ ಓದನ್ನು ಗೊತ್ತುಮಾಡುವ ಬಗೆಯನ್ನು ನೋಡಿರಿ. ನೀಟ್ ಪರೀಕ್ಷೆಗೆ 180 ಪ್ರಶ್ನೆ, 720 ಅಂಕ. ಅರ್ಧ ಜೀವಶಾಸ್ತ್ರ, ಉಳಿದರ್ಧದಲ್ಲಿ ಭೌತ, ರಸಾಯನ. ಮಗುವಿನ ಹತ್ತು ವರುಷದ ಬದುಕು ಈ 720ರೊಳಗೆ ಮುಗಿಯುತ್ತದೆ. ಅಲ್ಲಿ ಪ್ರಶ್ನೆಯಾಗದ ವಿಷಯವೆಲ್ಲ ದಂಡದ ವಿಷಯ. ಹಾವೇರಿಯಲ್ಲಿ ಕೇಳಿ, ರಾಣೆಬೆನ್ನೂರಿನಲ್ಲಿ ಕೇಳಿ, ಬ್ಯಾಡಗಿಯಲ್ಲಿ ಕೇಳಿ: 'ಮುಂದೇನು?' ಎಂದರೆ 'ಸೀಟು' ಎಂಬುದೇ ಉತ್ತರ. ಯಾವ ಕೆಲಸ, ಯಾರಿಗಾಗಿ, ಎಲ್ಲಿ ಎಂಬ ಮಾತಿಲ್ಲ. 2022ರಲ್ಲಿ ಹಾವೇರಿಗೇ ಸರಕಾರಿ ವೈದ್ಯಕೀಯ ಕಾಲೇಜು ಬಂದಾಗ ನಮಗೆಲ್ಲ ಸಂತೋಷವಾಯಿತು. ಅಲ್ಲಿಯೂ ನಾವು ಎಣಿಸಿದ್ದು ಸೀಟುಗಳನ್ನೇ; ಅಲ್ಲಿನ ಹಾಸಿಗೆಯ ಮೇಲೆ ಮಲಗುವವರು ಯಾವ ಮಾತಿನವರೆಂದು ಕೇಳಿದವರು ಕಡಿಮೆ.

ಇನ್ನು ಸೀಟು ತಪ್ಪಿದವರ ಕಥೆ. ಬಿ.ಎಸ್ಸಿ. ಎಂಬುದು ಈಗ ರೈಲ್ವೆ ನಿಲ್ದಾಣದ ವಿಶ್ರಾಂತಿ ಕೋಣೆಯಾಗಿದೆ. ಬೇರೆ ಗಾಡಿಗಾಗಿ ಕಾಯುವವರೇ ಅಲ್ಲಿ ಹೆಚ್ಚು. ಆದರೆ ಪಾಲಕರಿಗೆ ಒಂದು ಮಾತು ತಿಳಿದಿರಬೇಕು. ಬಿ.ಎಸ್ಸಿ. ಮುಗಿಸಿದ ಮಾತ್ರಕ್ಕೆ ಯಾರೂ ದಾದಿಯಾಗುವುದಿಲ್ಲ, ಔಷಧತಜ್ಞರಾಗುವುದಿಲ್ಲ. ನರ್ಸಿಂಗ್ ಪದವಿಗೆ ನಾಲ್ಕು ವರುಷ, ಫಾರ್ಮಸಿ ಪದವಿಗೆ ನಾಲ್ಕು ವರುಷ. ಆ ದಾರಿಗಳು ಪಿ.ಯು.ಸಿ. ಮುಗಿದಲ್ಲಿಂದಲೇ ಕವಲೊಡೆಯುತ್ತವೆ. ಪ್ರಯೋಗಾಲಯದ, ಕ್ಷ-ಕಿರಣದ, ಅಂಗಸಾಧನೆಯ ಕೆಲಸಗಳಿಗೂ ಅವುಗಳದೇ ಶಿಕ್ಷಣವಿದೆ. ಇವುಗಳನ್ನೆಲ್ಲ ಒಂದು ಕಟ್ಟಿಗೆ ತರಲು 2021ರಲ್ಲಿ ಕೇಂದ್ರ ಸರಕಾರ ಕಾಯದೆಯನ್ನೇ ಮಾಡಿತು. ಇವು ಸೋತವರ ವೃತ್ತಿಗಳಲ್ಲ. ವೈದ್ಯನು ರೋಗಿಯ ಬಳಿ ಐದು ನಿಮಿಷವಿದ್ದರೆ ದಾದಿ ರಾತ್ರಿಯಿಡೀ ಇರುತ್ತಾಳೆ. ಹಾಗಿರುವಾಗ ಮೂರನೆಯ ಸಲ, ನಾಲ್ಕನೆಯ ಸಲ ನೀಟ್ ಬರೆಸುತ್ತ ಮಕ್ಕಳ ಹರೆಯವನ್ನು ತಿಂದುಹಾಕುವುದು ಯಾವ ನ್ಯಾಯ?

"ವೈದ್ಯಶಾಸ್ತ್ರವೆಲ್ಲ ಇಂಗ್ಲಿಷಿನಲ್ಲಿದೆ, ಕನ್ನಡದ ಅಭಿಮಾನವನ್ನು ಇಲ್ಲಿ ತುರುಕಬೇಡಿ" ಎಂಬ ಆಕ್ಷೇಪಣೆ ಬರುತ್ತದೆ. ಅಭಿಮಾನದ ಮಾತನ್ನು ನಾನು ಆಡುತ್ತಲೇ ಇಲ್ಲ. ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಓದಲಿ, ಚೆನ್ನಾಗಿಯೇ ಓದಲಿ. ಆದರೆ ರೋಗ ಇಂಗ್ಲಿಷಿನಲ್ಲಿ ಬರುವುದಿಲ್ಲ. ರೋಗಿಯ ಬಾಯಿಂದ ಬೇನೆಯ ಕಥೆಯನ್ನು ಕೇಳಿ ಬರೆದುಕೊಳ್ಳುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲೆಂದು ಅದೇ ಇಂಗ್ಲಿಷ್ ಗ್ರಂಥಗಳು ಹೇಳುತ್ತವೆ. ಕನ್ನಡಕ್ಕೆ ವೈದ್ಯ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು 'ಕರ್ನಾಟಕ ಕಲ್ಯಾಣಕಾರಕ'ವನ್ನು ಬರೆದ. ಕೀರ್ತಿವರ್ಮನು ದನಕರುಗಳ ಬೇನೆಗೆಂದೇ 'ಗೋವೈದ್ಯ'ವನ್ನು ಬರೆದ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷಚಿಕಿತ್ಸೆಗೆ 'ಖಗೇಂದ್ರಮಣಿದರ್ಪಣ'ವನ್ನು ಕೊಟ್ಟ. ನಮ್ಮ ಕಾಲಕ್ಕೆ ಬಂದರೆ 'ಕೊರವಂಜಿ'ಯ ರಾಶಿಯವರು ವೈದ್ಯರು, ಅನುಪಮಾ ನಿರಂಜನ ವೈದ್ಯರು. 'ತಾಯಿ-ಮಗು' ಪುಸ್ತಕವನ್ನು ದಿಂಬಿನ ಬಳಿ ಇಟ್ಟುಕೊಂಡು ಬಾಣಂತನ ಮುಗಿಸಿದ ತಾಯಂದಿರು ಈ ನಾಡಿನಲ್ಲಿ ಎಷ್ಟು ಜನ! ಅವರು ಕನ್ನಡ ಓದಿದ್ದರಿಂದ ಅವರ ವೈದ್ಯಕ್ಕೆ ಏನು ಕೊರತೆಯಾಯಿತು?

ಹೊರಗಿನ ಜಗತ್ತನ್ನು ಮಾದರಿಯಾಗಿ ತೋರಿಸುವವರಿಗೂ ಒಂದು ಮಾತು. ಅಮೆರಿಕದಲ್ಲಿ ವೈದ್ಯಕೀಯ ಕಾಲೇಜನ್ನು ಸೇರುವವರು ಸಾಮಾನ್ಯವಾಗಿ ಮೊದಲು ನಾಲ್ಕು ವರುಷದ ಪದವಿ ಮುಗಿಸುತ್ತಾರೆ. ಅವರ ಪ್ರವೇಶ ಪರೀಕ್ಷೆಯಲ್ಲಿ 2015ರಿಂದ ಮನಃಶಾಸ್ತ್ರ, ಸಮಾಜಶಾಸ್ತ್ರಗಳಿಗೂ ಒಂದು ಭಾಗವಿದೆ. ಮನುಷ್ಯನನ್ನು ಅರಿಯದವನು ಮನುಷ್ಯದೇಹವನ್ನು ಮುಟ್ಟಬಾರದೆಂಬುದು ಅದರ ಅರ್ಥವಲ್ಲವೇ? ನಮ್ಮಲ್ಲಿಯೂ 2019ರಲ್ಲಿ ಬಂದ ವೈದ್ಯಕೀಯ ಪಠ್ಯಕ್ರಮ ರೋಗಿಯೊಡನೆ ಮಾತನಾಡುವ ನಡೆನುಡಿಯನ್ನು ಪಾಠವಾಗಿ ಇಟ್ಟಿತು. ಮೊದಲ ವರುಷದ ಬುನಾದಿ ಶಿಕ್ಷಣದಲ್ಲಿ ಭಾಷೆಗೂ ಗಣಕಯಂತ್ರಕ್ಕೂ ಸೇರಿ 40 ತಾಸು ಕೊಟ್ಟಿತು. ಹನ್ನೆರಡು ವರುಷ ಕನ್ನಡ ಬಿಡಿಸಿ, ಆಮೇಲೆ ನಲವತ್ತು ತಾಸಿನಲ್ಲಿ ಕಲಿಸುವುದು ಬಾವಿಗೆ ಮಣ್ಣು ತುಂಬಿ ಕೊಡದಲ್ಲಿ ನೀರು ಹುಡುಕಿದಂತೆ.

ಎರಡನೆಯ ಆಕ್ಷೇಪಣೆ ಹೆಚ್ಚು ಗಟ್ಟಿಯಾದದ್ದು. ಅದನ್ನು ನಾನೇ ಎತ್ತುತ್ತೇನೆ. "ಆ ಹುಡುಗ ನಿಮ್ಮ ತರಗತಿಗೆ ಬಂದಿದ್ದರೆ 'ಹೊರಗಾಗು' ಎಂಬ ಮಾತನ್ನು ಕಲಿಯುತ್ತಿದ್ದನೇ?" ಪ್ರಾಮಾಣಿಕವಾಗಿ ಹೇಳುತ್ತೇನೆ: ಇಲ್ಲ. ಆ ವರುಷ ವಿಜ್ಞಾನದ ಹುಡುಗರಿಗೆ ನಾನು ಅಲಂಕಾರಗಳ ಲಕ್ಷಣ ಬರೆಸುತ್ತಿದ್ದೆ. ಸಂದರ್ಭ ಸಹಿತ ವಿವರಿಸಿರಿ, ಟಿಪ್ಪಣಿ ಬರೆಯಿರಿ ಎಂಬ ಪ್ರಶ್ನೆಗಳಿಗೆ ಅವರನ್ನು ಅಣಿಗೊಳಿಸುತ್ತಿದ್ದೆ. ಕಾವ್ಯ ಬೇಡವೆಂದು ನಾನು ಹೇಳುವವನಲ್ಲ. ಸಾವುನೋವಿನ ನಡುವೆ ನಿಲ್ಲುವವನಿಗೆ ಕಾವ್ಯ ಬೇಕು. ಆದರೆ ಸುತ್ತಲಿನ ಆಡುಮಾತನ್ನು ತರಗತಿಯ ಹೊರಗೆ ನಿಲ್ಲಿಸಿ, 'ಅಶುದ್ಧ'ವೆಂದು ಕೆಂಪು ಗೆರೆ ಎಳೆದವರೂ ಕನ್ನಡದ ಮಾಸ್ತರರೇ. ಪಾಲಕರು ಕನ್ನಡದ ತಾಸನ್ನು ದಂಡವೆಂದು ತಿಳಿದರೆ ಅದರಲ್ಲಿ ನಮ್ಮ ಪಾಲೂ ಇದೆ. 2021ರಲ್ಲಿ ನಾಲ್ಕು ವರುಷದ ಪದವಿ ಬಂತು, 2024ರಲ್ಲಿ ಅದು ಮತ್ತೆ ಮೂರಕ್ಕೆ ಇಳಿಯಿತು. ಪಠ್ಯಪಟ್ಟಿ ಎಷ್ಟು ಸಲ ಬದಲಾದರೂ ಈ ದೋಷ ಹಾಗೆಯೇ ಉಳಿಯಿತು.

ಹಾಗಾದರೆ ಆರೋಗ್ಯದ ವೃತ್ತಿಯನ್ನು ಬಯಸುವ ತರುಣರು ತಮ್ಮ ಓದನ್ನು ಹೇಗೆ ಗೊತ್ತುಮಾಡಿಕೊಳ್ಳಬೇಕು? ಸೀಟಿಗಿಂತ ಮೊದಲು ಕೆಲಸವನ್ನು ಕಣ್ಣಾರೆ ನೋಡಬೇಕು. ತಾಲೂಕಾ ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ದಿನ ಕುಳಿತುಬಂದವನಿಗೆ ಯಾವ ಕೆಲಸ ತನ್ನದೆಂಬುದು ತಾನಾಗಿ ಹೊಳೆಯುತ್ತದೆ. ಬಿ.ಎಸ್ಸಿ. ಓದುವುದಾದರೆ ಕಾಯುವುದಕ್ಕಾಗಿ ಓದಬಾರದು. ರಸಾಯನ, ಪ್ರಾಣಿಶಾಸ್ತ್ರಗಳನ್ನು ಪ್ರಯೋಗ ತಪ್ಪಿಸದೆ ಓದಿದವನಿಗೆ ಮುಂದೆ ಜೀವರಸಾಯನ, ಸೂಕ್ಷ್ಮಜೀವಿಶಾಸ್ತ್ರ, ಸಾರ್ವಜನಿಕ ಆರೋಗ್ಯಗಳ ದಾರಿ ತೆರೆದಿದೆ. ಇವುಗಳ ಜೊತೆಗೆ ಮನಃಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ಒಂದಾದರೂ ಪತ್ರಿಕೆ ಸಿಗುವಂತಿದ್ದರೆ ಬಿಡಬಾರದು. ಶಾಸ್ತ್ರಕ್ಕೆ ಇಂಗ್ಲಿಷು, ರೋಗಿಗೆ ಕನ್ನಡ. ಎರಡನ್ನೂ ಬಿಗಿಯಾಗಿ ಹಿಡಿಯಬೇಕು.

ವಿಶ್ವವಿದ್ಯಾಲಯಗಳಿಗೆ ನನ್ನ ಬೇಡಿಕೆ ಚಿಕ್ಕದು. ವಿಜ್ಞಾನದ ವಿದ್ಯಾರ್ಥಿಗಳ ಕನ್ನಡ ಪತ್ರಿಕೆಯಲ್ಲಿ ಒಂದು ಭಾಗವನ್ನು ಬೇನೆಯ ಮಾತಿಗೆ ಮೀಸಲಿಡಿರಿ. ಹುಡುಗರು ತಮ್ಮ ಅಜ್ಜಿಯ, ಓಣಿಯ ಹಿರಿಯರ, ಆಶಾ ಕಾರ್ಯಕರ್ತೆಯರ ಬಾಯಿಂದ ರೋಗದ ಮಾತುಗಳನ್ನು ಬರೆದು ತರಲಿ. ಔಷಧದ ಚೀಟಿಯ ಮೇಲಿನ ಸೂಚನೆಯನ್ನು ಅನಕ್ಷರಸ್ಥಳಿಗೆ ತಿಳಿಯುವಂತೆ ಹೇಳಲಿ. ಅದಕ್ಕೆ ಅಂಕ ಕೊಡಿರಿ. ಅಂಕವಿಲ್ಲದುದನ್ನು ನಮ್ಮ ಜನ ಓದುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಸರಕಾರ ಕೊಡುವವರೆಗೆ ನಾವು ಮಾಸ್ತರರು ಕಾಯಬೇಕಾಗಿಯೂ ಇಲ್ಲ. ಈ ವರುಷ ನಾನು ನನ್ನ ತರಗತಿಯಲ್ಲಿ ಆರಂಭಿಸಿದ್ದೇನೆ. ಮೊದಲ ವಾರದಲ್ಲೇ ಬ್ಯಾಡಗಿಯ ಹುಡುಗಿಯೊಬ್ಬಳು ಹೊಟ್ಟೆನೋವಿಗೆ ಹನ್ನೊಂದು ಬೇರೆ ಬೇರೆ ಮಾತುಗಳನ್ನು ಬರೆದು ತಂದಳು. ಅವುಗಳಲ್ಲಿ ನಾಲ್ಕು ನನಗೂ ಗೊತ್ತಿರಲಿಲ್ಲ.

ಬೀಜದ ವ್ಯಾಪಾರಿಗಳಿಗೆ ನಾನು ಹೇಳಿದ್ದು ಇಷ್ಟೆ: "ಯಜಮಾನ್ರ, ನಿಮ್ಮ ತಾಯಿಯವರು ಬೇನೆ ಬಿದ್ದರ ಡಾಕ್ಟರ ಮುಂದ ಯಾವ ಮಾತಿನಾಗ ಹೇಳ್ತಾರ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಮಾತಿನಾಗ ಹೇಳ್ತಾರ್ರಿ, ಇನ್ಯಾವುದರಾಗ?" ಎಂದರು. "ಹಂಗಾದ್ರ ಅದನ್ನ ಕೇಳಾಂವ ಕಲೀಲಿ" ಎಂದೆ.

ಹುಡುಗ ತರಗತಿಗೆ ಬರುತ್ತಿದ್ದಾನೆ. ಬಾರದ ದಿನ ಅವನ ಹೆಸರಿನ ಮುಂದೆ ನಾನು ಗೈರುಹಾಜರಿಯನ್ನೇ ಬರೆಯುತ್ತೇನೆ.