ಸರ್ಕಾರಿ ವಕೀಲರು ಯಾರ ಕಡೆಯವರು?

ಜಿಲ್ಲಾ ಸರ್ಕಾರಿ ಅಭಿಯೋಜಕರ ಸ್ಥಾನವು ತೆರವಾಯಿತೆಂಬ ಸುದ್ದಿ ಹಬ್ಬಿದೊಡನೆ ಊರಿನಲ್ಲಿ ಏಳುವ ಮೊದಲ ಪ್ರಶ್ನೆ ‘ಯಾರು ಸಮರ್ಥರು?’ ಎಂಬುದಲ್ಲ, ‘ಈ ಸಲ ಯಾರ ಕಡೆಯವರು?’ ಎಂಬುದು. ಹೀಗೆ ಕೇಳುವುದಕ್ಕೆ ಯಾರೂ ನಾಚುವುದಿಲ್ಲ. ವಿದ್ಯಾವಂತರ ಮನೆಗಳಲ್ಲಿಯೂ ಇದು ಮಳೆಬೆಳೆಯ ಮಾತಿನಂತೆ ಬಂದು ಹೋಗುತ್ತದೆ. ನಮ್ಮ ಆಕ್ಷೇಪಣೆಗೆ ಇದೇ ಮೂಲ.

ಕಾನೂನಿನಲ್ಲಿ ಕೊರತೆಯಿದೆಯೆಂದು ಹೇಳುವಂತಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯೂ, ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ವಿಷಯದಲ್ಲಿ ಏಕಾಭಿಪ್ರಾಯವುಳ್ಳವು. ಅಭ್ಯರ್ಥಿಗೆ ಏಳು ವರ್ಷಕ್ಕೆ ಕಡಮೆಯಿಲ್ಲದ ವಕೀಲಿಯ ಅನುಭವವಿರಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚಿಸಿ ಯೋಗ್ಯರ ಪಟ್ಟಿಯನ್ನು ಸಿದ್ಧಪಡಿಸಬೇಕು. ಅಭಿಯೋಜನೆಗೆಂದೇ ಖಾಯಂ ನೌಕರವರ್ಗವಿರುವಲ್ಲಿ ಆ ವರ್ಗಕ್ಕೇ ಮೊದಲ ಹಕ್ಕು. ಇಷ್ಟೆಲ್ಲ ಕಟ್ಟುಪಾಡಿದ್ದರೂ, ಪಟ್ಟಿಗೆ ಯಾರ ಹೆಸರು ಯಾವ ಕಾರಣದಿಂದ ಸೇರಿತು, ಯಾರದು ಬಿಟ್ಟುಹೋಯಿತು ಎಂಬುದನ್ನು ತಿಳಿಯುವ ಭಾಗ್ಯ ಸಾಮಾನ್ಯವಾಗಿ ಸಾರ್ವಜನಿಕರಿಗಿಲ್ಲ. ಕತ್ತಲೆಯಲ್ಲಿ ನಡೆದ ಆಯ್ಕೆಯು ಯೋಗ್ಯನನ್ನೇ ತಂದರೂ ಅವನ ಮೇಲೊಂದು ಸಂಶಯದ ನೆರಳು ಬೀಳದಿರದು.

1990ರಲ್ಲಿ ಉತ್ತರಪ್ರದೇಶದ ಸರ್ಕಾರವು ಒಂದೇ ಸುತ್ತೋಲೆಯಿಂದ ತನ್ನ ಎಲ್ಲ ಜಿಲ್ಲೆಗಳ ಸರ್ಕಾರಿ ವಕೀಲರನ್ನೂ ಒಟ್ಟಿಗೆ ಮನೆಗೆ ಕಳುಹಿಸಿತು. ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಪಡಿಸಿತು. ದೂರದ ಮಾತೆನ್ನುವವರು ನಮ್ಮ ಬೆಂಗಳೂರಿನಲ್ಲಿ ನಡೆದುದನ್ನೇ ನೆನೆಯಲಿ. ತಮಿಳುನಾಡಿನ ಮುಖ್ಯಮಂತ್ರಿಣಿ ಜಯಲಲಿತಾ ಅವರ ಅಕ್ರಮ ಆಸ್ತಿಯ ಮೊಕದ್ದಮೆಯು, ಅಲ್ಲಿ ನಿಷ್ಪಕ್ಷಪಾತವಾಗಿ ನಡೆಯಲಾರದೆಂದು, 2003ರಲ್ಲಿ ಕರ್ನಾಟಕಕ್ಕೆ ವರ್ಗವಾಯಿತು. 2014ರಲ್ಲಿ ಶಿಕ್ಷೆಯಾದ ಬಳಿಕ ಅಪೀಲಿನ ಹಂತದಲ್ಲಿ ಅಭಿಯೋಜಕರನ್ನು ನೇಮಿಸಿದವರು ಯಾರು? ಆರೋಪಿಯ ಪಕ್ಷವೇ ಆಳುತ್ತಿದ್ದ ತಮಿಳುನಾಡಿನ ಸರ್ಕಾರ! ಆ ಅಧಿಕಾರವು ಕರ್ನಾಟಕದ್ದೇ ಹೊರತು ಅವರದಲ್ಲವೆಂದು 2015ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಯಿತು. ಅಷ್ಟರಲ್ಲಿ ಹೈಕೋರ್ಟಿನ ಮುಂದೆ ವಾದ ಮುಗಿದುಹೋಗಿತ್ತು. ತನ್ನ ಮೇಲಿನ ಫಿರ್ಯಾದನ್ನು ವಾದಿಸುವವರನ್ನು ತನ್ನ ಪಕ್ಷದ ಸರ್ಕಾರವೇ ಆರಿಸುವುದಾದರೆ, ಎರಡು ತಂಡಗಳಿಗೂ ಒಬ್ಬನೇ ಯಜಮಾನನಿರುವ ಕೋಳಿಯಂಕವನ್ನು ನೋಡಲು ಜನರು ಬಿಸಿಲಿನಲ್ಲಿ ನಿಲ್ಲುವುದೇಕೆ?

ದೊಡ್ಡವರ ಮೊಕದ್ದಮೆಯ ಮಾತಂತಿರಲಿ. ಮಗನನ್ನು ಕೊಲೆಯಲ್ಲಿ ಕಳೆದುಕೊಂಡ ಕೂಲಿಯ ಹೆಂಗಸೊಬ್ಬಳನ್ನು ಊಹಿಸಿಕೊಳ್ಳಿ. ಆರೋಪಿಗೆ ತನ್ನ ಇಷ್ಟದ ವಕೀಲನನ್ನು ಇಟ್ಟುಕೊಳ್ಳುವ ಹಕ್ಕುಂಟು. ಇವಳು ಸಾಲಮಾಡಿ ಒಬ್ಬನನ್ನು ಇಟ್ಟುಕೊಂಡರೂ ಅವನು ಸರ್ಕಾರಿ ಅಭಿಯೋಜಕರ ನಿರ್ದೇಶನದಂತೆ ನಡೆಯಬೇಕೇ ಹೊರತು ಮೊಕದ್ದಮೆಯನ್ನು ತಾನೇ ನಡೆಸುವಂತಿಲ್ಲ. ಎಂದಮೇಲೆ ಇವಳ ಪಾಲಿನ ನ್ಯಾಯವೆಲ್ಲ ಇರುವುದು ಆ ಒಬ್ಬರ ಕೈಯಲ್ಲಿ. ಅವರು ಕಡತವನ್ನು ಹಿಂದಿನ ರಾತ್ರಿ ಓದಿದ್ದಾರೆಯೋ, ಸಾಕ್ಷಿಯು ತಿರುಗಿಬಿದ್ದಾಗ ಪಾಟೀಸವಾಲಿಗೆ ಅನುಮತಿ ಕೇಳುತ್ತಾರೆಯೋ ಅಥವಾ ಸುಮ್ಮನೆ ಕುಳಿತುಬಿಡುತ್ತಾರೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಡೋದೆಯ ಬೆಸ್ಟ್ ಬೇಕರಿ ಪ್ರಕರಣದಲ್ಲಿ ಅಭಿಯೋಜಕರ ನಡತೆಯು ಪ್ರತಿವಾದಿ ವಕೀಲರ ನಡತೆಯನ್ನೇ ಹೋಲುತ್ತಿತ್ತೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಠಿನವಾಗಿ ನುಡಿದು, ಮರುವಿಚಾರಣೆಯನ್ನು ಮಹಾರಾಷ್ಟ್ರಕ್ಕೆ ಕಳುಹಿಸಿತು.

‘ಸಂಬಳ ಕೊಡುವ ಸರ್ಕಾರವು ತನಗೆ ನಂಬಿಕೆಯುಳ್ಳವರನ್ನು ಆರಿಸಿಕೊಂಡರೆ ತಪ್ಪೇನು?’ ಎಂದು ಕೇಳುವವರುಂಟು. ಸಿವಿಲ್ ವ್ಯಾಜ್ಯದಲ್ಲಿ ಈ ಮಾತು ಒಪ್ಪಬಹುದೇನೋ. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಲ್ಲದು. ಆರೋಪಿಗೆ ಅನುಕೂಲವಾದ ಸಂಗತಿಯನ್ನೂ ನ್ಯಾಯಾಲಯದ ಮುಂದಿಡಬೇಕಾದವರು ಇವರು. ಮೊಕದ್ದಮೆಯನ್ನು ಹಿಂತೆಗೆದುಕೊಳ್ಳುವಾಗ ಸರ್ಕಾರದ ಇಚ್ಛೆಗೆ ಮುದ್ರೆಯೊತ್ತದೆ ಸ್ವಬುದ್ಧಿಯಿಂದ ತೀರ್ಮಾನಿಸಬೇಕಾದವರೂ ಇವರೇ. 2015ರಲ್ಲಿ ಕೇರಳದ ವಿಧಾನಸಭೆಯೊಳಗೆ ದಾಂಧಲೆಯೆಬ್ಬಿಸಿದ ಸದಸ್ಯರ ಮೇಲಿನ ಮೊಕದ್ದಮೆಯನ್ನು ಅವರ ಪಕ್ಷವು ಅಧಿಕಾರಕ್ಕೆ ಬಂದಮೇಲೆ ಹಿಂತೆಗೆಯಹೊರಟಾಗ, 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಮ್ಮತಿಸಲಿಲ್ಲ. ನ್ಯಾಯಾಲಯವು ತಡೆಯಿತು, ಸರಿ. ಅರ್ಜಿಗೆ ರುಜು ಹಾಕುವ ಮೊದಲೇ ಅಭಿಯೋಜಕರು ತಡೆಯಬಾರದಾಗಿತ್ತೆ?

ನಾವು ಕೇಳುವುದು ದೊಡ್ಡ ಸುಧಾರಣೆಯನ್ನೇನಲ್ಲ. ಪಟ್ಟಿಯನ್ನು ನೇಮಕಕ್ಕೆ ಒಂದು ತಿಂಗಳು ಮುಂಚೆ ಜಿಲ್ಲಾ ನ್ಯಾಯಾಲಯದ ಸೂಚನಾಫಲಕದಲ್ಲಿ ಹಚ್ಚಲಿ. ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ನಡೆಸಿದ ಸೆಷನ್ಸ್ ಮೊಕದ್ದಮೆಗಳೆಷ್ಟೆಂದು ಬರೆಯಲಿ. ಆಕ್ಷೇಪಣೆಗಳನ್ನು ಸೆಷನ್ಸ್ ನ್ಯಾಯಾಧೀಶರೇ ಸ್ವೀಕರಿಸಲಿ. ಇದಕ್ಕೆ ಬೇಕಾದುದು ಒಂದು ಹಾಳೆ ಕಾಗದ, ನಾಲ್ಕು ಮೊಳೆ.