ಒಣಾ ಅರಿವೀಲೇ ಒರಸೇನ್ರೀ ಅಕ್ಕಾರ

ಈ ಸಲ ಗುಳಂಬ ಮಾಡೂ ರೀತಿ ಬರೀತೀನಿ ಅಂತ ನಿಮಗೆಲ್ಲಾ ಮಾತು ಕೊಟ್ಟಿದ್ದೆ. ಗುಳಂಬ ಮುಂದಿನ ಸಲ. ಅದಕ್ಕಿಂತ ಮೊದಲು ಒಂದು ತಪ್ಪು ಒಪ್ಪಿಕೊಳ್ಳೂದದ, ಅದರ ಜೋಡಿ ಒಂದು ಮಾತು ಹೇಳೂದದ. ತಪ್ಪು ನಂದು. ಮಾತು ನಮಗೆಲ್ಲಾರಿಗೂ ಸೇರಿದ್ದು.

ನಮ್ಮ ಮಂಡಳದ ಹಾಡಿನ ಪುಸ್ತಕ ಶ್ರಾವಣದೊಳಗ ಅಚ್ಚಾಗಬೇಕು ಅಂತ ನಾನೇ ಟೈಪ್ ಮಾಡ್ಲಿಕ್ಕೆ ಕೂತೀನಿ, ನಿಮಗ ಗೊತ್ತದ. ನಡುಮನ್ಯಾಗಿನ ಹಳೇ ಕಂಪ್ಯೂಟರು, ವಾಯರ್ ಇಲ್ಲದ ಕೀಬೋರ್ಡು, ನುಡಿ ತಂತ್ರಾಂಶ. ನುಡಿಯೊಳಗ ಒತ್ತಕ್ಷರ ಬೇಕಂದ್ರ ನಡುವ ‘ಎಫ್’ ಗುಂಡಿ ಒತ್ತಬೇಕು. ಶುಕ್ರವಾರ ಮುಂಜಾನೆ ಕೂತು ‘ಅಕ್ಕ’ ಅಂತ ಹೊಡದ್ರ ‘ಅಕಕ’ ಅಂತ ಬಂತು. ‘ಅಮ್ಮ’ ಹೋಗಿ ‘ಅಮಮ’ ಆತು. ಒಮ್ಮೊಮ್ಮೆ ಒಂದೇ ಸಲ ಒತ್ತಿದ ಅಕ್ಷರ ‘ತತತತತ’ ಅಂತ ಸಾಲಿನ ತುದಿತನಕ ಓಡತಿತ್ತು. ನಲವತ್ತು ಹಾಡು ಬಾಕಿ, ಕೈಯಾಗ ಇದ್ದದ್ದು ಮೂರು ವಾರ. ನನ್ನ ತಲಿ ಕೆಟ್ಟು ಗೊಬ್ಬರಾತು.

ಹಿಂದಿನ ದಿನ ಅಂದ್ರ ಗುರುವಾರ, ನಮ್ಮ ಕೆಲಸದಾಕಿ ಮೇಜು ಒರಸಿದ್ಲು. ಅಷ್ಟು ಸಾಕಾತು ನನಗ. ಕೀಬೋರ್ಡಿಗೆ ನೀರು ಇಳಿಸ್ಯಾಳ ಅಂತ ತೀರ್ಮಾನ ಮಾಡಿಬಿಟ್ಟೆ. ಬಾಜೂ ಮನಿ ವೈನಿ ವಿರಜಿ ಕೇಳ್ಲಿಕ್ಕೆ ಬಂದು ನಿಂತಿದ್ರು, ಅವರ ಮುಂದೇ ಅಂದೆ, “ಎಷ್ಟು ಸಲ ಹೇಳೀನಿ ನಿನಗ, ಇಂಥಾ ಸಾಮಾನು ಮುಟ್ಟಬ್ಯಾಡ ಅಂತ?” ಆಕಿ ಕೈಯಾಗಿನ ಅರಿವಿ ತೋರಿಸಿ, “ಒಣಾ ಅರಿವೀಲೇ ಒರಸೇನ್ರೀ ಅಕ್ಕಾರ” ಅಂದ್ಲು. ನಾ ಕೇಳಿಸಿಕೊಳ್ಳಲಿಲ್ಲ. ಕೇಳಿಸ್ತು, ಆದ್ರ ನಂಬಲಿಲ್ಲ.

ಆಕಿ ಹೆಸರು ಇಲ್ಲೆ ಬರ್ಯೂದಿಲ್ಲ. ನಮ್ಮ ಓಣ್ಯಾಗ ಐದು ಮನಿ ಕೆಲಸ ಮಾಡ್ತಾಳ. ಶನಿವಾರ ಆಗೂದ್ರಾಗ ಎರಡು ಮನ್ಯಾಗ ಆಕಿಗೆ, “ಟೀವಿ ಸನೇಕ ಹೋಗಬ್ಯಾಡವಾ” ಅಂತ ಹೇಳಿದ್ರಂತ. ನಾ ಒಂದು ಮಾತು ಅಂದದ್ದು ಕಂಪೌಂಡ್ ಜಿಗದು ಎಷ್ಟು ಮನಿ ಮುಟ್ಟಿತು ನೋಡ್ರಿ.

ಇತ್ತ ನಾನು ಕೀಬೋರ್ಡಿನ ಸೆಲ್ ತಗದು ಟೀವಿ ರಿಮೋಟಿನ ಸೆಲ್ ಹಾಕಿದೆ. ಸರಿ ಹೋಗಲಿಲ್ಲ. ರಿಮೋಟ್ ನಡಸೂ ಸೆಲ್ ಕೀಬೋರ್ಡ್ ನಡಸ್ತದಂತ ಹೇಳ್ಲಿಕ್ಕೆ ಬರೂದಿಲ್ಲ, ಅರಜೀವ ಇದ್ರೂ ರಿಮೋಟ್ ದೂಡ್ತದ ಅಂತ ಅಂಗಡ್ಯಾಂವ ಹೇಳಿದ. ಹೊಸಾ ಸೆಲ್ ಎರಡು ತಂದು ಹಾಕಿದೆ. ಆಗಲೂ ‘ಅಕಕ’. ನಮ್ಮನಿಯವರು, “ನೀರು ಹೋದದ್ದು ಖರೇ ಕಾಣ್ತದ, ಹೊಸಾದು ತರಸೂಣು” ಅಂದ್ರು. ನನಗ ಆಕಿ ಮ್ಯಾಲಿನ ಸಿಟ್ಟು ಇನ್ನಷ್ಟು ಏರಿತು.

ರವಿವಾರ ಆಕಿ ಕಸಾ ಹೊಡೀಲಿಕ್ಕೆ ಬಂದು ನಡುಮನಿ ಹೊಸ್ತಿಲಕ್ಕೇ ನಿಂತ್ಲು. ಒಳಗ ಕಾಲಿಡಲಿಲ್ಲ. ನಾ ಮೌಸ್ ಹಿಡದು ಒದ್ದಾಡತಿದ್ದೆ. ಅಲ್ಲಿಂದೇ ನೋಡಿ ಅಂದ್ಲು, “ಆ ಬಾಣಾನೂ ಕುಂಟ್ತದಲ್ರೀ ಅಕ್ಕಾರ. ಅದನ್ನಂತೂ ನಾ ಮುಟ್ಟೇ ಇಲ್ಲ.”

ನಾ ಕೈ ಬಿಟ್ಟು ಕೂತೆ. ಖರೇನ ಕುಂಟತಿತ್ತು. ತೆರಿ ಮ್ಯಾಲಿನ ಬಾಣ ತಡದು ತಡದು ಜಿಗೀತಿತ್ತು. ಮೂರು ದಿವಸದಿಂದ ಕಣ್ಣ ಮುಂದ ಇದ್ದದ್ದು ನನಗ ಕಂಡಿದ್ದಿಲ್ಲ, ಯಾಕಂದ್ರ ನನಗ ಕಳ್ಳರು ಸಿಕ್ಕುಬಿಟ್ಟಿದ್ರು. ನೀರು ಹೋದದ್ದು ಕೀಬೋರ್ಡಿಗಾದ್ರ ಮೌಸ್ ಯಾಕ ಕುಂಟಬೇಕು? ಎರಡಕ್ಕೂ ಕೂಡಿ ಇರೂದು ಒಂದೇ: ಕಂಪ್ಯೂಟರಿಗೆ ಹಚ್ಚಿದ ಉಗುರಿನಷ್ಟು ಸಣ್ಣ ರಿಸೀವರು.

ಆಮ್ಯಾಲೆ ಬುದ್ಧಿ ಬಂತು, ಕ್ರಮದಿಂದ ನೋಡ್ಲಿಕ್ಕೆ ಹತ್ತಿದೆ. ಮೊದಲು ವೈನಿ ಮನಿಯಿಂದ ವಾಯರಿನ ಕೀಬೋರ್ಡ್ ತಂದು ಹಚ್ಚಿದೆ. ‘ಅಕ್ಕ’ ಅಂದ್ರ ‘ಅಕ್ಕ’ನೇ ಬಂತು. ಅಂದ್ರ ಕಂಪ್ಯೂಟರು, ನುಡಿ ಎರಡೂ ಸುದ್ದ ಅವ. ಎರಡನೇದು, ವಿಂಡೋಸಿನಾಗ ಫಿಲ್ಟರ್ ಕೀಸ್ ಅಂತ ಒಂದದ. ಬಲಗಡೆ ಶಿಫ್ಟ್ ಗುಂಡಿ 8 ಸೆಕೆಂಡು ಒತ್ತಿ ಹಿಡದ್ರ ಅದನ್ನ ಚಾಲೂ ಮಾಡಲೇನು ಅಂತ ಕೇಳ್ತದ. ಗೊತ್ತಿಲ್ದ ಹೂಂ ಅಂದ್ರ, ಲಗೂ ಲಗೂ ಒತ್ತಿದ ಗುಂಡಿ ಲೆಕ್ಕಕ್ಕೇ ಹಿಡಿಯೂದಿಲ್ಲ. ಒರಸೂವಾಗ ಶಿಫ್ಟ್ ಒತ್ತಿ ಹಿಡಿದದ್ದಾಗಿರಬಹುದೇನು ಅಂತ ನೋಡಿದೆ. ಬಂದ್ ಇತ್ತು. ಆಕಿ ಮ್ಯಾಲಿನ ಕಡೀ ಸಂಶಯಾನೂ ಹೋತು. ಮೂರನೇದು, ಕೀಬೋರ್ಡ್ ಎತ್ತಿಕೊಂಡು ಡಬ್ಬಿ ಹಿಂದ, ರಿಸೀವರಿನ ಬಾಯಿಗೇ ಹಿಡದು ಹೊಡದೆ. ಒಂದಕ್ಷರಾನೂ ತಪ್ಪಲಿಲ್ಲ! ಕೀಬೋರ್ಡ್ ಗಟ್ಟಿ ಅದ. ಹಂಗಾದ್ರ ತಪ್ಪೂದು ದಾರ್ಯಾಗ.

ಬಗ್ಗಿ ಹಿಂದ ನೋಡಿದ್ರ ರಿಸೀವರಿನ ಮಗ್ಗಲಿಗೇ ಒಂದು ದಪ್ಪ ವಾಯರ್ ಕೂತಿತ್ತು. ಅದು ನನ್ನ ಮಗ ಹಚ್ಚಿ ಹೋದ ಹಾರ್ಡ್ ಡಿಸ್ಕ್. ರಜಾಕ್ಕ ಬಂದಾಂವ ಮದವಿ ಫೋಟೋ ಎಲ್ಲಾ ಅದರಾಗ ಹಾಕಿ, “ಅಮ್ಮಾ ಇದು ಇಲ್ಲೇ ಇರ್ಲಿ” ಅಂತ ಹೇಳಿ ಗುರುವಾರ ರಾತ್ರಿ ಬಸ್ಸಿಗೆ ಹೋಗಿದ್ದ. ಡಿಸ್ಕನ್ನ ರೀತಿ ಪ್ರಕಾರ ಬಂದ್ ಮಾಡಿ ಕಿತ್ತೆ, ‘ಅಕ್ಕ’ ಬಂತು. ಮತ್ತ ಹಚ್ಚಿದೆ, ‘ಅಕಕ’. ಇನ್ನೊಮ್ಮೆ ಕಿತ್ತೆ, ‘ಅಕ್ಕ’.

ಅಳಿಯಗ ಫೋನ್ ಹಚ್ಚಿ ಕೇಳಿದ್ರ ನಕ್ಕುಬಿಟ್ಟ. ವಾಯರ್ ಇಲ್ಲದ ಕೀಬೋರ್ಡು, ಮೌಸು ಮಾತಾಡೂದು 2.4 ಗಿಗಾಹರ್ಟ್ಸ್ ರೇಡಿಯೋದಾಗಂತ. ಯುಎಸ್‌ಬಿ 3.0 ಅಂತ ಬಂದದಲ್ಲ, ಭಾಳ ಸಲ ಒಳಗ ನೀಲಿ ಬಣ್ಣ ಇರ್ತದ, ಅದರಾಗ ಡಿಸ್ಕ್ ಓಡೂವಾಗ ಹೊಂಡೂ ಗದ್ದಲ ಅದೇ ಪಟ್ಟಿಯೊಳಗ ಬಂದು ಬೀಳ್ತದಂತ. 2012ರಾಗ ಇಂಟೆಲ್ ಕಂಪನಿಯವರೇ ಇದನ್ನ ಬರದು ಪ್ರಕಟ ಮಾಡ್ಯಾರಂತ. ಅಂದ್ರ ಬಾಜೂಕ ಮಿಕ್ಸರ್ ತಿರಗೂವಾಗ ಪಿಸುಮಾತು ಕೇಳಿಸೂದಿಲ್ಲಲ್ಲ, ಹಂಗ. ಔಷಧನೂ ಅಷ್ಟೇ ಸಸಾರ: ಇಬ್ಬರನ್ನೂ ದೂರ ಕೂಡಸೂದು. ರಿಸೀವರ್ ತಗದು ಡಬ್ಬಿ ಮುಂದಿನ ತೂತಿಗೆ ಹಚ್ಚಿದೆ. ಒಂದು ಪೈಸೆ ಖರ್ಚಿಲ್ಲ. ಮುಂದ ಜಾಗಾ ಇಲ್ಲದಾವರು ಒಂದು ಮೊಳ ಉದ್ದದ ಯುಎಸ್‌ಬಿ ವಾಯರ್ ತಂದು ರಿಸೀವರನ್ನ ಮೇಜಿನ ಮ್ಯಾಲೆ ತಂದಿಟ್ಟರೂ ಆತು.

ಈಗ ನಾ ಹೇಳಬೇಕಾದ ಮಾತು. ನಮಗ ದೋಷ ಹುಡುಕ್ಲಿಕ್ಕೆ ಬರೂದಿಲ್ಲ ಅಂತ ಏನಿಲ್ಲ. ಮಸರು ಹೆಪ್ಪಾಗಲಿಲ್ಲಂದ್ರ ಏನು ಮಾಡ್ತೀವಿ? ಹಾಲು ಆರಿತ್ತೇನು, ಹೆಪ್ಪು ಹಳೇದೇನು, ಥಂಡಿ ಬಿತ್ತೇನು ಅಂತ ಒಂದೊಂದೇ ನೋಡ್ತೀವಿ. ಎಲ್ಲಾ ಒಂದೇ ದಿನ ಬದಲಿ ಮಾಡೂದಿಲ್ಲ, ಮಾಡಿದ್ರ ಯಾವುದರಿಂದ ಸರಿ ಹೋತು ಅಂತ ತಿಳಿಯೂದಿಲ್ಲ. ಕಂಪ್ಯೂಟರಿಗೂ ಇದೇ ಬುದ್ಧಿ ಸಾಕು. ಸೆಲ್, ಬಟನ್, ರಿಸೀವರ್, ಬ್ಯಾರೆ ಕೀಬೋರ್ಡು, ಆಮ್ಯಾಲೆ ‘ಕೆಡೂಕಿಂತ ಮೊದಲು ಇಲ್ಲೆ ಏನು ಹೊಸಾದು ಬಂತು’ ಅನ್ನೂ ಪ್ರಶ್ನಿ. ಮಗ, ಅಳಿಯ ಬರೂತನಕ ಕಾಯೂದು ಬ್ಯಾಡ.

ಆದ್ರ ಈ ಪ್ರಶ್ನಿ ಎಲ್ಲಾರಿಗೂ ಕೇಳಬೇಕು. ನಾ ಹೊಸಾದು ಏನು ಅಂತ ಹುಡುಕಿದಾಗ ಮಗ ಹಚ್ಚಿದ ಡಿಸ್ಕ್ ನನ್ನ ಕಣ್ಣಿಗೆ ಬೀಳಲಿಲ್ಲ. ಬಿದ್ದದ್ದು ಕೆಲಸದಾಕಿ ಕೈಯಾಗಿನ ಅರಿವಿ. ಮಗ ಇಂಜಿನಿಯರು, ಅವನ ಕೈಲೆ ಏನೂ ಕೆಡೂದಿಲ್ಲ. ಆಕಿ ಕೈಲೆ ಎಲ್ಲಾ ಕೆಡ್ತದ. ಮಿಕ್ಸರಿನ ಜಾರ್ ಒಡದ್ರ, ಚಮಚಾ ಕಳದ್ರ, ಸೀರಿಗೆ ಕಲಿ ಬಿದ್ರ ನಮ್ಮ ಬಾಯಾಗ ಮೊದಲು ಯಾರ ಹೆಸರು ಬರ್ತದ, ನೀವೇ ಎದಿ ಮುಟ್ಟಿಕೊಂಡು ಹೇಳ್ರಿ. ಯಂತ್ರ ಕೆಟ್ರ ಹೊಸಾದು ತರಬಹುದು. ಐದು ಮನಿಯೊಳಗ ಕೆಟ್ಟ ಹೆಸರಿಗೆ ಹೊಸಾದು ಎಲ್ಲೆ ಸಿಗ್ತದ?

ಸೋಮವಾರ ವೈನಿನ್ನ ಕರದು ಕೂಡಿಸಿ, ಅವರ ಮುಂದೇ ಆಕಿಗೆ ತಪ್ಪಾತು ಅಂದೆ. ಒಳಗ ಕರದು ಗುಟ್ಟಾಗಿ ಹೇಳಬಹುದಿತ್ತು, ಒಂದು ಸೀರಿ ಕೊಟ್ಟು ಮುಗಸಬಹುದಿತ್ತು. ಆದ್ರ ನಾಲ್ಕು ಮಂದಿ ಮುಂದ ಅಂದದ್ದನ್ನ ನಾಲ್ಕು ಮಂದಿ ಮುಂದೇ ಹಿಂದ ತಗೋಬೇಕು. ಉಳದ ಮನಿಗಳಿಗೂ ನಾನೇ ಹೋಗಿ ಹೇಳಿ ಬಂದೆ. ಓಣ್ಯಾಗ ಇಲ್ಲದ ನಿಮಗ ತಿಳೀಲಿ ಅಂತ ಇದನ್ನ ಬರದೀನಿ.

ಆಕಿ, “ಇರ್ಲಿ ಬಿಡ್ರೀ ಅಕ್ಕಾರ” ಅಂದ್ಲು, ನಕ್ಕಳು ಸುದ್ದಾ. ನಡುಮನಿ ಕಸಾನೂ ಹೊಡೀತಾಳ. ಆದ್ರ ಮೇಜಿನ ಹಂತೇಕ ಬಂದ್ಲಂದ್ರ ಕೈ ಹಿಂದ ತಗೋತಾಳ. ಹಂಗಾಗಿ ಕೀಬೋರ್ಡ್ ಈಗ ನಾನೇ ಒರಸ್ತೀನಿ, ಒಣಾ ಅರಿವೀಲೆ.